ಅಫ್ಘಾನಿಸ್ತಾನದ ಹಳೆಯ ನೆಲ: ಪದೇ ಪದೇ ಕೇಳುವ ಪ್ರಶ್ನೆಗಳು

ಅಫ್ಘಾನಿಸ್ತಾನದ ಪುರಾತತ್ವದ ಮಾತು ಬಂದಾಗಲೆಲ್ಲ ಕೆಲವು ಪ್ರಶ್ನೆಗಳು ತಿರುತಿರುಗಿ ಬರುತ್ತವೆ. ಮಾತುಕತೆಯಲ್ಲಿ, ಪತ್ರಗಳಲ್ಲಿ ಬಂದವನ್ನು ಆದಷ್ಟು ಕೇಳಿದವರ ಮಾತಲ್ಲೇ ಇಟ್ಟು ಉತ್ತರ ಬರೆದಿದ್ದೇನೆ. ಸುಲಭದವು ಮೊದಲು, ಕಗ್ಗಂಟಿನವು ಆಮೇಲೆ. ಯಾವುದನ್ನು ಬೇಕಾದರೂ ಬಿಡಿಯಾಗಿ ಓದಬಹುದು.

## ಶುರುವಿಗೆ

ಅಫ್ಘಾನಿಸ್ತಾನ ಅಂದ್ರೆ ಬರೀ ಬೆಟ್ಟ, ಬಂದೂಕು. ಅಲ್ಲಿ ಅಗೆದು ನೋಡೋಕೆ ಏನಿದೆ?

ಬಂದೂಕು ಬಂದಿದ್ದು ಮೊನ್ನೆ ಮೊನ್ನೆ. ಬೆಟ್ಟವೇ ಇಲ್ಲಿ ಮುಖ್ಯ. ದೇಶದ ನಡುವೆ ಹಿಂದೂಕುಶ್ ಅಡ್ಡ ಮಲಗಿದೆ. ಉತ್ತರಕ್ಕೆ ಆಮು ದರಿಯಾ ನದಿ, ಅದರಾಚೆ ಮಧ್ಯ ಏಷ್ಯಾದ ಬಯಲು. ಪಶ್ಚಿಮಕ್ಕೆ ಇರಾನ್. ಪೂರ್ವಕ್ಕೆ ಖೈಬರ್ ದಾಟಿದರೆ ಸಿಂಧೂ ಬಯಲು. ಯಾವ ಕಡೆಯಿಂದ ಹೊರಟರೂ ಬೇಕಾದಲ್ಲಿ ಬೆಟ್ಟ ದಾಟುವಂತಿರಲಿಲ್ಲ. ಇದ್ದದ್ದು ಕೆಲವೇ ಕಣಿವೆಗಳು. ವ್ಯಾಪಾರಿ, ಸೈನಿಕ, ಭಿಕ್ಷು ಎಲ್ಲರೂ ಅವೇ ದಾರಿಯಲ್ಲಿ ಬಂದರು, ಅವೇ ಜಾಗಗಳಲ್ಲಿ ತಂಗಿದರು, ಕೆಲವರು ಅಲ್ಲೇ ಉಳಿದರು. ಅದಕ್ಕೇ ಇಲ್ಲಿನ ಒಂದೊಂದು ದಿಬ್ಬದಲ್ಲೂ ಹಲವು ಕಾಲದ ಪದರಗಳಿವೆ. ಕಂದಹಾರದ ಹತ್ತಿರದ ಮುಂಡಿಗಾಕ್ ಕಂಚಿನ ಯುಗದ ಊರು. ಅಲ್ಲಿಂದ ಹಿಡಿದು ಗ್ರೀಕರು, ಕುಶಾನರು, ಹಿಂದೂ ಶಾಹಿಗಳು, ಘೋರಿಗಳು, ತೈಮೂರನ ವಂಶದವರು, ಬಾಬರ್ ತನಕ ಸಾಲು ಮುಗಿಯುವುದಿಲ್ಲ.

ನಾಲ್ಕು ದಾರಿ ಸೇರೋ ದೇಶ ಅಂತ ಎಲ್ರೂ ಬರೀತಾರೆ. ಒಂದೇ ಒಂದು ಪುರಾವೆ ಕೊಡಿ ನೋಡೋಣ.

ಬೇಗ್ರಾಮ್. ಕಾಬೂಲಿನ ಉತ್ತರಕ್ಕಿದೆ, ಅಮೆರಿಕದ ಸೇನೆ ಇಟ್ಟುಕೊಂಡಿದ್ದ ವಾಯುನೆಲೆಯ ಪಕ್ಕದಲ್ಲೇ. 1937ರಲ್ಲಿ ಒಮ್ಮೆ, 1939ರಲ್ಲಿ ಇನ್ನೊಮ್ಮೆ, ಜೋಸೆಫ್ ಮತ್ತು ರಿಯಾ ಹಾಕಾಂ ಎಂಬ ಫ್ರೆಂಚ್ ದಂಪತಿಯ ತಂಡಕ್ಕೆ ಇಲ್ಲಿ ಎರಡು ಕೋಣೆಗಳು ಸಿಕ್ಕವು. ಹಿಂದೆ ಯಾರೋ ಬಾಗಿಲಿಗೆ ಇಟ್ಟಿಗೆ ಕಟ್ಟಿ ಮುಚ್ಚಿದ್ದ ಕೋಣೆಗಳು. ಒಳಗೆ ಭಾರತದ ದಂತದ ಕೆತ್ತನೆ, ರೋಮನ್ ಲೋಕದ ಬಣ್ಣದ ಗಾಜಿನ ಲೋಟಗಳು, ಕಂಚಿನ ಪುಟ್ಟ ಮೂರ್ತಿಗಳು, ಚೀನಾದ ಅರಗಿನ ಬಟ್ಟಲುಗಳು. ಎಲ್ಲ ಒಂದೇ ಕಡೆ, ಸುಮಾರು ಕ್ರಿ.ಶ. ಒಂದನೇ ಶತಮಾನದವು. ಅದು ಅರಮನೆಯ ಖಜಾನೆಯೋ ವ್ಯಾಪಾರಿಯ ಗೋದಾಮೋ ಎಂದು ಇವತ್ತಿಗೂ ಜಗಳವಿದೆ. ನನಗೆ ಗೋದಾಮು ಅನ್ನುವವರ ವಾದವೇ ಹಿಡಿಸುತ್ತದೆ.

ದಂತದ ಹಲಗೆಗಳಲ್ಲಿ ಹಲವು 1990ರ ದಶಕದಲ್ಲಿ ಕಾಬೂಲ್ ಮ್ಯೂಸಿಯಂನಿಂದ ಕಳುವಾದವು. ಅವುಗಳಲ್ಲಿ 20 ಪತ್ತೆಯಾಗಿ, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಮೂಲಕ 2012ರಲ್ಲಿ ವಾಪಸ್ ಹೋದವು.

ಹರಪ್ಪದವರು ಅಲ್ಲಿವರೆಗೂ ಹೋಗಿದ್ರಾ?

ಹೋಗಿದ್ದರು, ಸುಮ್ನೆ ಹೋಗಿ ಬಂದವರೂ ಅಲ್ಲ. ಹಿಂದೂಕುಶ್ ದಾಟಿ, ಆಮು ದರಿಯಾ ಹತ್ತಿರ ಶೋರ್ತುಗಾಯ್ ಎಂಬಲ್ಲಿ ಊರು ಕಟ್ಟಿದ್ದರು. 1970ರ ದಶಕದಲ್ಲಿ ಫ್ರೆಂಚರು ಅಗೆದಾಗ ಹರಪ್ಪದ ಮಡಕೆ, ಮಣಿ, ಘೇಂಡಾಮೃಗದ ಚಿತ್ರವಿರುವ ಮುದ್ರೆ ಸಿಕ್ಕವು. ಅಷ್ಟು ದೂರ ಹೋಗಿದ್ದು ನೀಲಿ ಕಲ್ಲಿಗೆ. ಬದಖ್ಶಾನಿನ ಸರ್-ಎ-ಸಂಗ್ ಗಣಿಯ ಲಾಜವರ್ದ ಆಗಿನ ಕಾಲದ ಅತಿ ಬೆಲೆಯ ಸರಕು. ಇರಾಕಿನ ಊರ್ ಪಟ್ಟಣದ ರಾಜಸಮಾಧಿಗಳಲ್ಲೂ ಇದೇ ನೀಲಿ ಕಲ್ಲು ಸಿಕ್ಕಿದೆ. ಆ ಗಣಿಗಳಲ್ಲಿ ಇವತ್ತಿಗೂ ಕಲ್ಲು ತೆಗೆಯುತ್ತಾರೆ.

ಗಾಂಧಾರಿಯ ಊರು ಕಂದಹಾರ ತಾನೇ?

ಅಲ್ಲ. ಹಳೆಯ ಗಾಂಧಾರ ಪೂರ್ವದ ಕಡೆಗಿತ್ತು: ಪೇಶಾವರದ ಬಯಲು, ಸ್ವಾತ್, ತಕ್ಷಶಿಲೆಯ ಸುತ್ತಮುತ್ತ. ಈಗಿನ ಅಫ್ಘಾನಿಸ್ತಾನದಲ್ಲಿ ಜಲಾಲಾಬಾದ್ ಕಡೆ ಅದರ ಅಂಚು ಬರುತ್ತದೆ. ಕಂದಹಾರ ಇರುವುದು ದಕ್ಷಿಣದಲ್ಲಿ, ಗ್ರೀಕರು ಅರಕೋಸಿಯಾ ಅನ್ನುತ್ತಿದ್ದ ನಾಡಿನಲ್ಲಿ.

ನಮ್ಮ ಕರ್ನಾಟಕಕ್ಕೂ ಅದಕ್ಕೂ ಏನಾದ್ರೂ ಸಂಬಂಧ ಇದೆಯಾ, ಇಲ್ಲಾ ಸುಮ್ನೆ ಎಳ್ಕೊಂಡು ಬರ್ತೀರಾ?

ಎಳೆದು ತರುವ ಅಗತ್ಯ ಇಲ್ಲ, ಬಂಡೆಯ ಮೇಲೇ ಇದೆ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ಬರೆದವನ ಹೆಸರು ಚಪಡ. ಶಾಸನವೆಲ್ಲ ಬ್ರಾಹ್ಮಿ ಲಿಪಿಯಲ್ಲಿದೆ, ಎಡದಿಂದ ಬಲಕ್ಕೆ. ಕೊನೆಗೆ ತಾನು ಲಿಪಿಕಾರ ಎಂದು ಹೇಳಿಕೊಳ್ಳುವಾಗ ಮಾತ್ರ ಅವನು ಖರೋಷ್ಠಿಗೆ ಹೊರಳುತ್ತಾನೆ. ಅದು ಬಲದಿಂದ ಎಡಕ್ಕೆ ಬರೆಯುವ ಲಿಪಿ, ಗಾಂಧಾರದ ಕಡೆ ಬಳಕೆಯಲ್ಲಿದ್ದದ್ದು. ಪಕ್ಕದ ಸಿದ್ದಾಪುರ, ಜಟಿಂಗ ರಾಮೇಶ್ವರದ ಶಾಸನಗಳೂ ಇವನ ಕೈಯವೇ. ಅವನು ಆ ಕಡೆಯಿಂದಲೇ ಬಂದವನು, ಇಲ್ಲವೇ ಅಲ್ಲಿ ಕಲಿತವನು ಅನ್ನುವುದು ವಿದ್ವಾಂಸರ ಊಹೆ. ಮೊಳಕಾಲ್ಮೂರಿನ ಬಿಸಿಲಲ್ಲಿ ಕೂತು ಯಾಕೆ ಹಾಗೆ ಬರೆದನೋ. ಸ್ವಲ್ಪ ಜಂಬ ಇರಬಹುದು ಅಂತ ನನ್ನ ಅನಿಸಿಕೆ.

ಇತ್ತ ಕಡೆ ಅಶೋಕನ ಮಾತು ಹೀಗೆ ಬಂದರೆ, ಅತ್ತ ಕಂದಹಾರದಲ್ಲಿ ಅದೇ ಅಶೋಕ ಗ್ರೀಕ್ ಮತ್ತು ಅರಮಾಯಿಕ್ ಭಾಷೆಗಳಲ್ಲಿ ಮಾತಾಡುತ್ತಾನೆ. ಎರಡೂ ಭಾಷೆಯ ಬಂಡೆ ಶಾಸನ 1958ರಲ್ಲಿ ಬೆಳಕಿಗೆ ಬಂತು. ಬರೀ ಗ್ರೀಕ್‌ನಲ್ಲಿದ್ದ ಇನ್ನೊಂದು ಕಲ್ಲು 1963ರಲ್ಲಿ ಸಿಕ್ಕಿ ಕಾಬೂಲ್ ಮ್ಯೂಸಿಯಂ ಸೇರಿತು. ಮ್ಯೂಸಿಯಂ ಲೂಟಿಯಾದ ಮೇಲೆ ಆ ಕಲ್ಲಿನ ಸುಳಿವಿಲ್ಲ.

ಗ್ರೀಕರು ಬಂದು ಯುದ್ಧ ಮಾಡಿ ಹೋದ್ರು ಅಷ್ಟೇ ಅಲ್ವಾ? ಊರು ಕಟ್ಟಿದ್ರಾ?

ಕಟ್ಟಿದರು. ಆಮು ದರಿಯಾಕ್ಕೆ ಕೋಕ್ಚಾ ನದಿ ಸೇರುವಲ್ಲಿ ಆಯ್ ಖಾನುಮ್ ಇದೆ. 1961ರಲ್ಲಿ ದೊರೆ ಜಾಹಿರ್ ಶಾ ಬೇಟೆಗೆ ಹೋದಾಗ ಊರವರು ಕೆತ್ತಿದ ಕಲ್ಲುಗಳನ್ನು ತೋರಿಸಿದರು. 1964ರಿಂದ 1978ರ ತನಕ ಪಾಲ್ ಬರ್ನಾರ್ ನೇತೃತ್ವದಲ್ಲಿ ಅಗೆತ ನಡೆಯಿತು. ಅರಮನೆ, ವ್ಯಾಯಾಮಶಾಲೆ, ಬೆಟ್ಟದ ಇಳಿಜಾರಿಗೆ ಕಟ್ಟಿದ ನಾಟಕದ ಬಯಲು, ಗ್ರೀಸಿನ ಡೆಲ್ಫಿಯಿಂದ ನಕಲು ಮಾಡಿ ತಂದ ನೀತಿವಾಕ್ಯಗಳ ಶಾಸನ, ಹೀಗೆ ಪೂರಾ ಒಂದು ಪಟ್ಟಣವೇ ಎದ್ದು ಬಂತು.

ನಮಗೆ ಅಚ್ಚರಿಯ ಸಂಗತಿ ಬೇರೆಯದು. ಅಗಥೋಕ್ಲೀಸ್ ಎಂಬ ಗ್ರೀಕ್ ದೊರೆಯ 6 ಚೌಕದ ಬೆಳ್ಳಿ ನಾಣ್ಯಗಳು 1970ರಲ್ಲಿ ಅಲ್ಲಿ ಸಿಕ್ಕವು. ಒಂದು ಬದಿಯಲ್ಲಿ ಚಕ್ರ ಹಿಡಿದ ವಾಸುದೇವ, ಇನ್ನೊಂದು ಬದಿಯಲ್ಲಿ ನೇಗಿಲು ಹಿಡಿದ ಬಲರಾಮ. ಬರಹ ಗ್ರೀಕ್ ಮತ್ತು ಬ್ರಾಹ್ಮಿ ಎರಡರಲ್ಲೂ. ಕ್ರಿ.ಪೂ. ಎರಡನೇ ಶತಮಾನದ್ದು. ಕೃಷ್ಣ-ಬಲರಾಮರ ಅತಿ ಹಳೆಯ ಚಿತ್ರಗಳ ಸಾಲಿನಲ್ಲಿ ಇವೂ ಬರುತ್ತವೆ.

## ಹಾಳಾಗಿದ್ದು ಹೇಗೆ

ಬಾಮಿಯಾನ್ ಬುದ್ಧರು ನೂರಾರು ವರ್ಷ ಮುಸ್ಲಿಮರ ನಡುವೆಯೇ ಇದ್ರಲ್ಲ, 2001ರಲ್ಲಿ ಯಾಕೆ ಒಡೆದ್ರು?

ಈ ಪ್ರಶ್ನೆಯಲ್ಲೇ ಅರ್ಧ ಉತ್ತರವಿದೆ. ಧರ್ಮವೊಂದೇ ಕಾರಣವಾಗಿದ್ದರೆ ಅವು ಸಾವಿರ ವರ್ಷದ ಹಿಂದೆಯೇ ಹೋಗಬೇಕಿತ್ತು. ಬಾಮಿಯಾನ್ ಕಣಿವೆಯ ಬಂಡೆಯಲ್ಲಿ ಕೆತ್ತಿದ್ದ ಆ ಎರಡು ದೊಡ್ಡ ಮೂರ್ತಿಗಳಿಗೆ ಸ್ಥಳೀಯ ಹಜಾರಾ ಜನ ಸಲ್ಸಾಲ್, ಶಾಮಾಮಾ ಎಂದು ಹೆಸರಿಟ್ಟು ಕಥೆ ಕಟ್ಟಿಕೊಂಡಿದ್ದರು. ತಾಲಿಬಾನಿನ ಮುಲ್ಲಾ ಒಮರ್ ಸ್ವತಃ 1999ರಲ್ಲಿ ಅವನ್ನು ಕಾಪಾಡಬೇಕೆಂದು ಆದೇಶ ಹೊರಡಿಸಿದ್ದ. ಅಲ್ಲಿ ಬೌದ್ಧರೇ ಇಲ್ಲದ್ದರಿಂದ ಪೂಜೆಯ ಪ್ರಶ್ನೆಯೂ ಇಲ್ಲ, ಪ್ರವಾಸಿಗರಿಂದ ವರಮಾನವೂ ಬರಬಹುದು ಅನ್ನುವುದು ಆಗಿನ ಲೆಕ್ಕ.

2000ದ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ನಿರ್ಬಂಧ ಇನ್ನೂ ಬಿಗಿಯಾಯಿತು. ಬರಗಾಲ ಬೇರೆ. ಸರ್ಕಾರದ ಒಳಗೆ ಕಟ್ಟಾ ಧರ್ಮವಾದಿಗಳ ಕೈ ಮೇಲಾಯಿತು. ಹಜಾರಾ ಜನರ ಮೇಲೆ ಸೇಡು ತೀರಿಸುವ ಹಂಬಲವೂ ಇತ್ತು. 2001ರ ಫೆಬ್ರವರಿ 26ರಂದು ಆದೇಶ ತಿರುಗಿಬಿತ್ತು. ಮಾರ್ಚ್ ತಿಂಗಳಲ್ಲಿ ಫಿರಂಗಿ ಹೊಡೆದು, ಅದು ಸಾಲದೆ ಕಲ್ಲಿಗೆ ತೂತು ಕೊರೆದು ಸ್ಫೋಟಕ ತುಂಬಿ ಉಡಾಯಿಸಿದರು. 38 ಮೀಟರಿನದೂ ಹೋಯಿತು, 55 ಮೀಟರಿನದೂ ಹೋಯಿತು. ಜಗತ್ತಿನ ಗಮನ ಸೆಳೆಯಬೇಕೆಂದೇ ಮಾಡಿದ ಕೆಲಸ ಅದು, ಸೆಳೆಯಿತು ಕೂಡ.

ಅಂದ್ರೆ ಹಾಳು ಮಾಡಿದ್ದೆಲ್ಲ ತಾಲಿಬಾನೇ?

ಇಲ್ಲ, ಇಲ್ಲಿ ಬಹಳ ಜನ ತಪ್ಪು ತಿಳಿದಿದ್ದಾರೆ. ಹೆರಾತ್‌ನಲ್ಲಿ 15ನೇ ಶತಮಾನದಲ್ಲಿ ರಾಣಿ ಗೌಹರ್ ಶಾದ್ ಕಟ್ಟಿಸಿದ ಮುಸಲ್ಲಾ ಎಂಬ ದೊಡ್ಡ ಕಟ್ಟಡಸಾಲು ಇತ್ತು. 1885ರಲ್ಲಿ ರಷ್ಯನ್ನರು ದಾಳಿ ಮಾಡುತ್ತಾರೆಂಬ ಭಯ. ಗುಂಡು ಹಾರಿಸಲು ಮುಂದಿನ ಬಯಲು ತೆರವಾಗಿರಲಿ ಎಂದು ಬ್ರಿಟಿಷರು ಸಲಹೆ ಕೊಟ್ಟರು, ಅಮೀರ, ಅಂದರೆ ಅಫ್ಘನ್ ದೊರೆ, ಕೆಡವಿಸಿದ. ರಷ್ಯನ್ನರು ಹೆರಾತಿಗೆ ಬರಲೇ ಇಲ್ಲ. ಈಗ ಅಲ್ಲಿ ನಿಂತಿರುವುದು 5 ಮಿನಾರುಗಳು ಮತ್ತು ರಾಣಿಯ ಗೋರಿ.

ಕಾಬೂಲ್ ಮ್ಯೂಸಿಯಂ ಬರಿದಾಗಿದ್ದು ತಾಲಿಬಾನ್ ಬರುವ ಮುಂಚೆ. 1992ರಿಂದ ಮುಜಾಹಿದೀನ್ ಗುಂಪುಗಳು ನಗರಕ್ಕಾಗಿ ಕಾದಾಡಿದವು. ಮ್ಯೂಸಿಯಂ ಇರುವ ದಾರುಲಮಾನ್ ಸರಿಯಾಗಿ ಗುಂಡಿನ ನಡುವೆ ಸಿಕ್ಕಿಕೊಂಡಿತು. 1993ರಲ್ಲಿ ರಾಕೆಟ್ ಬಿದ್ದು ಛಾವಣಿ ಸುಟ್ಟಿತು. ಸಂಗ್ರಹದ ಸುಮಾರು ಶೇ. 70 ಭಾಗ ಲೂಟಿಯಾಯಿತು ಎಂದು ಲೆಕ್ಕ. ಜಲಾಲಾಬಾದ್ ಹತ್ತಿರದ ಹಡ್ಡಾದಲ್ಲಿ ಗ್ರೀಕ್ ಛಾಯೆಯ ಚೆಲುವಾದ ಬೌದ್ಧ ಮೂರ್ತಿಗಳಿದ್ದವು. ಅದೂ ಸೋವಿಯತ್ ಕಾಲದ ಯುದ್ಧದಲ್ಲೇ ಮಣ್ಣುಪಾಲಾಯಿತು. 2001ರಲ್ಲಿ ಮ್ಯೂಸಿಯಂನಲ್ಲಿ ಉಳಿದಿದ್ದ ಮೂರ್ತಿಗಳನ್ನು ಸುತ್ತಿಗೆಯಿಂದ ಒಡೆದದ್ದು ತಾಲಿಬಾನ್, ಅದರಲ್ಲಿ ಅನುಮಾನ ಬೇಡ. ಆ ಚೂರುಗಳನ್ನು ಸಿಬ್ಬಂದಿ ಚೀಲ, ಪೆಟ್ಟಿಗೆಗಳಲ್ಲಿ ತುಂಬಿಟ್ಟುಕೊಂಡು ವರ್ಷಗಟ್ಟಲೆ ಜೋಡಿಸಿದ್ದಾರೆ.

ಬ್ಯಾಕ್ಟ್ರಿಯಾದ ಚಿನ್ನ ಕಳೆದುಹೋಗಿ ಮತ್ತೆ ಸಿಕ್ತಂತಲ್ಲ, ನಿಜನಾ?

ನಿಜ, ಆದರೆ ಅದು ಕಳೆದುಹೋಗಿರಲಿಲ್ಲ, ಬಚ್ಚಿಟ್ಟಿದ್ದರು. 1978ರಲ್ಲಿ ಸೋವಿಯತ್ ಪುರಾತತ್ವಜ್ಞ ವಿಕ್ಟರ್ ಸರಿಯಾನಿಡಿ ಉತ್ತರದಲ್ಲಿ, ಹಿಂದೆ ಬ್ಯಾಕ್ಟ್ರಿಯಾ ಎನ್ನುತ್ತಿದ್ದ ನಾಡಿನ ಟಿಲ್ಲ್ಯಾ ತೆಪೆಯಲ್ಲಿ 6 ಸಮಾಧಿ ತೆರೆದ. 20 ಸಾವಿರಕ್ಕೂ ಜಾಸ್ತಿ ಚಿನ್ನದ ತುಣುಕುಗಳು ಬಂದವು. ಮಡಚಿ ಒಯ್ಯಬಹುದಾದ ಒಂದು ಚಿನ್ನದ ಕಿರೀಟವಿದೆ, ಅಲೆಮಾರಿ ರಾಣಿಗೆ ಹೇಳಿ ಮಾಡಿಸಿದ್ದು. ರೆಕ್ಕೆಯಿರುವ ಗ್ರೀಕ್ ದೇವತೆ ಇದ್ದಾಳೆ, ಹಣೆಯಲ್ಲಿ ನಮ್ಮವರ ಹಾಗೆ ಬೊಟ್ಟು.

1980ರ ದಶಕದ ಕೊನೆಗೆ ಪರಿಸ್ಥಿತಿ ಬಿಗಡಾಯಿಸಿದಾಗ ಇದನ್ನೆಲ್ಲ ಅಧ್ಯಕ್ಷರ ಅರಮನೆಯೊಳಗಿನ ಬ್ಯಾಂಕಿನ ನೆಲಮಾಳಿಗೆಗೆ ಸಾಗಿಸಿದರು. ವಿಷಯ ಗೊತ್ತಿದ್ದವರು ಬೆರಳೆಣಿಕೆಯ ಜನ. ಸಂಬಳ ನಿಂತಿತು, ಸರ್ಕಾರಗಳು ಬಿದ್ದವು, ಚಿನ್ನ ಮಾಸ್ಕೋಗೆ ಹೋಯಿತೆಂದು ಪುಕಾರು ಹಬ್ಬಿತು. ಇವರು ಬಾಯಿ ಬಿಡಲಿಲ್ಲ. 2004ರಲ್ಲಿ ಪೆಟ್ಟಿಗೆ ಕೊಯ್ದು ತೆರೆದಾಗ ಎಲ್ಲ ಇತ್ತು. ಸರಿಯಾನಿಡಿಯೂ ಬಂದಿದ್ದ. ಹಿಂದೊಮ್ಮೆ ತಾನೇ ರಿಪೇರಿ ಮಾಡಿದ್ದ ತುಣುಕನ್ನು ನೋಡಿ, ಇವು ಅಸಲಿ ಎಂದು ಗುರುತು ಹೇಳಿದ. ಆಮೇಲೆ 2006ರಿಂದ ಪ್ಯಾರಿಸ್‌ನಲ್ಲಿ ಶುರುವಾಗಿ ಅನೇಕ ದೇಶಗಳಲ್ಲಿ ಪ್ರದರ್ಶನ ನಡೆಯಿತು.

ಯುದ್ಧದ ನಡುವೆ ಹೊಸದೇನಾದ್ರೂ ಸಿಕ್ಕಿದೆಯಾ?

ಸಿಕ್ಕಿದೆ. 1993ರಲ್ಲಿ ಬಾಗ್ಲಾನ್ ಪ್ರಾಂತದ ರಬಾತಕ್‌ನಲ್ಲಿ ಒಂದು ಬರಹದ ಕಲ್ಲು ಸಿಕ್ಕಿತು. ನೆಲಬಾಂಬ್ ತೆಗೆಯುವ ಸಂಸ್ಥೆಯವರೊಬ್ಬರು ತೆಗೆದ ಫೋಟೊ ಲಂಡನ್ ತಲುಪಿತು, ನಿಕೋಲಸ್ ಸಿಮ್ಸ್-ವಿಲಿಯಮ್ಸ್ ಅದನ್ನು ಓದಿದರು. ಗ್ರೀಕ್ ಅಕ್ಷರ, ಬ್ಯಾಕ್ಟ್ರಿಯನ್ ಭಾಷೆ, ಮಾತು ಕುಶಾನರ ದೊರೆ ಕನಿಷ್ಕನದು. ತನ್ನ ಮುತ್ತಾತ, ಅಜ್ಜ, ಅಪ್ಪ ಯಾರೆಂದು ಹೇಳುತ್ತಾನೆ. ತನ್ನ ಮಾತು ನಡೆಯುವ ಊರುಗಳನ್ನು ಎಣಿಸುತ್ತಾನೆ: ಸಾಕೇತ, ಕೌಶಾಂಬಿ, ಪಾಟಲಿಪುತ್ರ, ಚಂಪಾ. ಕುಶಾನರ ವಂಶಾವಳಿಯ ಬಗ್ಗೆ ಹಿಂದೆ ಬರೆದಿದ್ದನ್ನೆಲ್ಲ ಈ ಒಂದು ಕಲ್ಲಿನಿಂದ ತಿದ್ದಬೇಕಾಯಿತು.

ಕಳ್ಳರು ಒಂದು ತಲೆ ಕದ್ರೂ ಅದು ಯಾವ್ದೋ ಮ್ಯೂಸಿಯಂನಲ್ಲಿ ಭದ್ರವಾಗಿರುತ್ತಲ್ಲ. ಅಲ್ಲೇ ಇದ್ದು ಒಡೆದುಹೋಗೋದಕ್ಕಿಂತ ವಾಸಿ ಅಲ್ವಾ?

ಬಹಳ ಸಲ ಕೇಳಿದ ವಾದ ಇದು. ನಾನು ಒಪ್ಪುವುದಿಲ್ಲ. ಮೂರ್ತಿಯೊಂದು ಸಿಕ್ಕಾಗ ಅದರ ಕೆಳಗಿನ ನೆಲ, ಪಕ್ಕದ ನಾಣ್ಯ, ಸುತ್ತಲಿನ ಬೂದಿ, ಗೋಡೆಯ ಬಣ್ಣ ಎಲ್ಲ ಸೇರಿ ಅದರ ಕಾಲ, ಬಳಕೆ, ಕೊನೆ ತಿಳಿಯುತ್ತದೆ. ಕಿತ್ತು ತಂದ ತಲೆ, ಹೆಸರು ಹರಿದ ಕಾಗದ ಇದ್ದ ಹಾಗೆ. ನೋಡಲು ಚೆಂದ, ಯಾರದು ಗೊತ್ತಿಲ್ಲ.

ಇನ್ನು, ಒಂದು ತಲೆ ತೆಗೆಯಲು ಕಳ್ಳರು ಒಂದೇ ಗುಂಡಿ ತೋಡುವುದಿಲ್ಲ. ಆಯ್ ಖಾನುಮ್‌ನ ಈಗಿನ ಫೋಟೊ ನೋಡಿದರೆ ಮೈಯೆಲ್ಲ ಸಿಡುಬಿನ ಗುಳಿ. ಹಗುರವಾದದ್ದು, ಮಾರಾಟವಾಗುವುದು ಮಾತ್ರ ಹೊರಗೆ ಹೋಗುತ್ತದೆ. ಜೇಡಿಮಣ್ಣಿನ ಮೈ, ಗೋಡೆಚಿತ್ರ, ಮಡಕೆ ಅಲ್ಲೇ ಪುಡಿ. 2002ರಲ್ಲಿ ಪೇಶಾವರದಿಂದ ಲಂಡನ್ನಿನ ಹೀಥ್ರೂಗೆ ಬಂದ ಪೆಟ್ಟಿಗೆಗಳಲ್ಲಿ ಜೇಡಿಮಣ್ಣಿನ ಬೋಧಿಸತ್ವರ ತಲೆಗಳು ಸಿಕ್ಕಿಬಿದ್ದವು. ಅವುಗಳ ಮೈ ಎಲ್ಲಿ, ಯಾವ ವಿಹಾರದ್ದು, ಹೇಳುವವರಿಲ್ಲ. 2009ರಲ್ಲಿ ಬ್ರಿಟನ್ ವಾಪಸ್ ಕಳಿಸಿದ ಕದ್ದ ಮಾಲು ತೂಕದಲ್ಲಿ ಮೂರು ಟನ್ನಿಗೂ ಜಾಸ್ತಿ. ಇದು ಒಂದು ದೇಶದ ಒಂದು ಕಡೆ ಸಿಕ್ಕಿಬಿದ್ದ ಲೆಕ್ಕ ಮಾತ್ರ.

## ಕಗ್ಗಂಟಿನವು

ಬಡ ದೇಶ ಸ್ವಾಮಿ. ತಾಮ್ರ ತೆಗೆದು ಅನ್ನ ತಿನ್ನೋದು ಬಿಟ್ಟು ಮುರಿದ ಸ್ತೂಪ ಕಾಯ್ಕೊಂಡು ಕೂರ್ಬೇಕಾ?

ಮೆಸ್ ಐನಕ್ ಬಗ್ಗೆ ಕೇಳುತ್ತಿದ್ದೀರಿ. ನ್ಯಾಯವಾದ ಪ್ರಶ್ನೆ. ಕಾಬೂಲಿನಿಂದ ಆಗ್ನೇಯಕ್ಕೆ ಸುಮಾರು 40 ಕಿ.ಮೀ., ಲೋಗರ್ ಪ್ರಾಂತದಲ್ಲಿದೆ. ನೆಲದಡಿ ಜಗತ್ತಿನ ದೊಡ್ಡ ತಾಮ್ರದ ನಿಕ್ಷೇಪಗಳಲ್ಲೊಂದು. ಅದರ ಮೇಲೇ ಬೌದ್ಧ ವಿಹಾರ, ಸ್ತೂಪ, ಕೋಟೆ, ಮನೆಗಳಿರುವ ಒಂದು ಪಟ್ಟಣ. 2008ರಲ್ಲಿ ಚೀನಾದ ಸರ್ಕಾರಿ ಕಂಪನಿ ಎಂಸಿಸಿ ಮತ್ತು ಜಿಯಾಂಗ್ಶಿ ಕಾಪರ್‌ಗೆ 30 ವರ್ಷದ ಗುತ್ತಿಗೆ ಆಯಿತು. ಸುಮಾರು 300 ಕೋಟಿ ಡಾಲರಿನ ಮಾತು. 2009ರಿಂದ ಅಫ್ಘನ್ನರು ಮತ್ತು ಫ್ರೆಂಚರು ಸೇರಿ ತುರ್ತು ಅಗೆತ ಶುರು ಮಾಡಿದರು. ನೂರಾರು ಮೂರ್ತಿಗಳು ಸಿಕ್ಕವು, ಕೆಲವಕ್ಕೆ ಇನ್ನೂ ಬಣ್ಣ ಅಂಟಿತ್ತು. ಕೆಳಗೆ ಕಂಚಿನ ಯುಗದ ಕುರುಹುಗಳೂ ಕಂಡವು.

ಇಲ್ಲಿ ವಿಹಾರ ಬಂದದ್ದೇ ತಾಮ್ರದಿಂದ. ಎಲ್ಲೆಡೆ ಕುಲುಮೆಯ ಕಿಟ್ಟದ ರಾಶಿ ಬಿದ್ದಿದೆ. ಭಿಕ್ಷುಗಳು, ಗಣಿಯವರು, ಕರಗಿಸುವವರು ಒಂದೇ ಊರಲ್ಲಿದ್ದರು. ಗಣಿಗಾರಿಕೆ ಹೇಗೆ ನಡೆಯುತ್ತಿತ್ತು, ಇದ್ದಿಲಿಗೆ ಎಷ್ಟು ಕಾಡು ಹೋಯಿತು, ಊರು ಯಾಕೆ ಖಾಲಿಯಾಯಿತು ಎಂದು ತಿಳಿಯಲು ಇಂಥ ಇನ್ನೊಂದು ಜಾಗ ಸಿಗುವುದು ಕಷ್ಟ. ಈಗಿನ ಗಣಿಯವರಿಗೂ ಇದು ಕೆಲಸಕ್ಕೆ ಬರುವ ತಿಳಿವಳಿಕೆಯೇ.

ಹಾಗಾಗಿ ತಾಮ್ರವೋ ಸ್ತೂಪವೋ ಅಂತ ಕೇಳುವುದಕ್ಕಿಂತ, ಹೇಗೆ ತೆಗೆಯುತ್ತಾರೆ ಅಂತ ಕೇಳಬೇಕು. ತೆರೆದ ಗಣಿ ಮಾಡಿದರೆ ಬೆಟ್ಟದ ಸಮೇತ ಎಲ್ಲ ಹೋಗುತ್ತದೆ. ಸುರಂಗ ಕೊರೆದು ತೆಗೆದರೆ ಮೇಲಿನದು ಬಹುಪಾಲು ಉಳಿಯಬಹುದು, ಖರ್ಚು ಜಾಸ್ತಿ. ಕಲ್ಲಿನ ಸ್ತೂಪ ಬಿಚ್ಚಿ ಬೇರೆಡೆ ಕಟ್ಟಬಹುದು, ಜೇಡಿಮಣ್ಣಿನ ಬುದ್ಧನನ್ನು ಅಷ್ಟು ಸುಲಭವಾಗಿ ಸಾಗಿಸಲಾಗದು. ವಿಚಿತ್ರವೆಂದರೆ ಇಲ್ಲಿಯವರೆಗೆ ಈ ಜಾಗವನ್ನು ಕಾಪಾಡಿದ್ದು ಕಾನೂನಲ್ಲ. ಕಂಪನಿ ಮತ್ತು ಸರ್ಕಾರದ ಚೌಕಾಶಿ, ಭದ್ರತೆಯ ಭಯ, ತಾಮ್ರದ ಬೆಲೆಯ ಏರಿಳಿತ. 2024ರ ಜುಲೈಯಲ್ಲಿ ತಾಲಿಬಾನ್ ಸರ್ಕಾರ ಮತ್ತು ಕಂಪನಿ ಸೇರಿ ಗಣಿಯ ರಸ್ತೆ ಕೆಲಸಕ್ಕೆ ಚಾಲನೆ ಕೊಟ್ಟಿವೆ.

ಅನ್ನದ ಮಾತಿಗೆ ಬಂದರೆ, ಗಣಿಯ ಹಣ ಆ ಊರವರ ತಟ್ಟೆಗೆ ಎಷ್ಟು ಬರುತ್ತದೆ ಎಂದು ಬಳ್ಳಾರಿ ಕಡೆಯವರಿಗೆ ನಾನು ಹೇಳಿಕೊಡಬೇಕಿಲ್ಲ.

ಬಾಮಿಯಾನ್ ಬುದ್ಧನನ್ನ ಮತ್ತೆ ಕಟ್ಟಬಾರದಾ? ಈಗ ತಂತ್ರಜ್ಞಾನ ಇದೆಯಲ್ಲ.

ಕಟ್ಟಬಹುದು, ಆದರೆ ಏನನ್ನು? ಬಿದ್ದ ಚೂರುಗಳಿಂದಲೇ ಮರುಜೋಡಣೆ ಮಾಡಬೇಕೆಂದರೆ ಚೂರು ಸಾಲದು. ಬಂಡೆ ಮೆದು, ಸ್ಫೋಟಕ್ಕೆ ಬಹಳಷ್ಟು ಪುಡಿಯೇ ಆಗಿದೆ. ಹೊಸ ಕಲ್ಲು, ಸಿಮೆಂಟಿನಲ್ಲಿ ಮಾಡಿದರೆ ಅದು ಹೊಸ ಮೂರ್ತಿ. ಜರ್ಮನ್ ತಜ್ಞರ ತಂಡ ಚಿಕ್ಕ ಬುದ್ಧ ನಿಂತಿದ್ದ ಬಂಡೆಯ ಗೂಡಿನ ಬುಡದಲ್ಲಿ ಕಾಲಿನ ಹಾಗೆ ಕಾಣುವ ಕಂಬಗಳನ್ನು ಎಬ್ಬಿಸಲು ಹೊರಟು, 2013ರಲ್ಲಿ ಯುನೆಸ್ಕೋ ತಡೆಯಿತು. 2015ರಲ್ಲಿ ಚೀನಾದ ದಂಪತಿಯೊಬ್ಬರು ಖಾಲಿ ಗೂಡಿನೊಳಗೆ ಬೆಳಕಿನಲ್ಲಿ ಬುದ್ಧನನ್ನು ಮೂಡಿಸಿ ತೋರಿಸಿದರು. ಬಾಮಿಯಾನಿನ ಕೆಲವರಿಗೆ ಮೂರ್ತಿ ಬೇಕು, ಪ್ರವಾಸಿಗರು ಬರಲಿ ಎಂದು. ಇನ್ನು ಕೆಲವರಿಗೆ ಖಾಲಿ ಗೂಡೇ ಇರಲಿ, ಆದದ್ದನ್ನು ಅದು ಹೇಳುತ್ತದೆ. ನಾನು ಎರಡನೆಯವರ ಕಡೆ. ಆದರೆ ಅಲ್ಲಿ ಬದುಕುವವರು ಬೇರೆ ಹೇಳಿದರೆ ಅವರ ಮಾತೇ ನಡೆಯಬೇಕು.

ಅವು ಯಾವ ಕಾಲದವು ಅಂತ ಖಚಿತವಾಗಿ ಹೇಗೆ ಗೊತ್ತಾಯ್ತು?

ಇದು ಒಡೆದ ಮೇಲೆ ಗೊತ್ತಾದದ್ದು. ಬಂಡೆ ಕೆತ್ತಿ, ಮೇಲೆ ಹುಲ್ಲು ಸೇರಿಸಿದ ಮಣ್ಣಿನ ಗಾರೆ ಮೆತ್ತಿದ್ದರು. ಬಿದ್ದ ಚೂರುಗಳಲ್ಲಿನ ಆ ಹುಲ್ಲಿನ ಇಂಗಾಲ ಪರೀಕ್ಷಿಸಿದರು. ಚಿಕ್ಕದು ಕ್ರಿ.ಶ. 544-595ರ ನಡುವಿನದು, ದೊಡ್ಡದು 591-644ರ ನಡುವಿನದು ಎಂದು ಬಂತು. ಚೀನಾದ ಯಾತ್ರಿಕ ಹ್ಯುಯೆನ್ ತ್ಸಾಂಗ್ ಸುಮಾರು 630ರಲ್ಲಿ ಬಂದಾಗ ದೊಡ್ಡ ಬುದ್ಧ ಇನ್ನೂ ಹೊಚ್ಚ ಹೊಸದು. ಚಿನ್ನದ ಹೊಳಪಿನ ಬಗ್ಗೆ ಅವನು ಬರೆದದ್ದಕ್ಕೆ ಇದು ಸರಿಹೊಂದುತ್ತದೆ. ಪಕ್ಕದ ಗುಹೆಗಳ ಏಳನೇ ಶತಮಾನದ ಚಿತ್ರಗಳಲ್ಲಿ ಎಣ್ಣೆಬಣ್ಣ ಬಳಸಿದ್ದಾರೆ ಎಂದೂ 2008ರಲ್ಲಿ ತಿಳಿಯಿತು. ಯುರೋಪಿನಲ್ಲಿ ಎಣ್ಣೆಚಿತ್ರ ಬಳಕೆಗೆ ಬಂದದ್ದು ಇದಾಗಿ ಎಷ್ಟೋ ಶತಮಾನದ ಮೇಲೆ.

ಭಾರತ ಏನಾದ್ರೂ ಮಾಡಿದೆಯಾ?

ಮಾಡಿದೆ. 1969ರಿಂದ ಕೆಲವು ವರ್ಷ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ತಂಡ ಆರ್. ಸೇನ್‌ಗುಪ್ತ ಅವರ ನೇತೃತ್ವದಲ್ಲಿ ಅಫ್ಘನ್ನರ ಜೊತೆ ಬಾಮಿಯಾನ್ ಬುದ್ಧರ ಜೀರ್ಣೋದ್ಧಾರ ಮಾಡಿತ್ತು. ಬಂಡೆಯ ಬಿರುಕು ತುಂಬಿ ಗಟ್ಟಿ ಮಾಡಿದರು, ಚಿತ್ರಗಳ ಮೇಲಿನ ಮಸಿ ತೊಳೆದರು. ಆಗ ಮಾಡಿದ ದಾಖಲೆ, ತೆಗೆದ ಫೋಟೊಗಳಿಗೆ ಈಗ ಬೆಲೆ ಬಂದಿದೆ.

ಯುದ್ಧ ನಿಂತಿದೆಯಲ್ಲ, ಇನ್ನು ಭಯ ಇಲ್ಲ ತಾನೇ?

ಯುದ್ಧ ನಿಂತರೆ ನದಿ ನಿಲ್ಲುವುದಿಲ್ಲ. ಘೋರ್ ಪ್ರಾಂತದ ಜಾಮ್ ಮಿನಾರು ಸುಮಾರು 65 ಮೀಟರ್ ಎತ್ತರ, 12ನೇ ಶತಮಾನದ್ದು, ಮೈಮೇಲೆ ಕುರಾನಿನ ಮರ್ಯಮ್ ಅಧ್ಯಾಯ ಪೂರ್ತಿ ಬರೆದಿದೆ. ಹರಿರುದ್ ಮತ್ತು ಜಾಮ್‌ರುದ್ ನದಿಗಳು ಕೂಡುವ ಜಾಗದಲ್ಲೇ ನಿಂತಿದೆ. ಬುಡ ಕೊಚ್ಚುತ್ತಿದೆ, ಮಿನಾರು ವಾಲಿದೆ. 2002ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದಾಗಲೇ ಅಪಾಯದ ಪಟ್ಟಿಗೂ ಸೇರಿತು. ಹತ್ತಿರದಲ್ಲೇ ಯಹೂದಿಗಳ ಸ್ಮಶಾನವೊಂದಿದೆ, ಸಮಾಧಿ ಕಲ್ಲುಗಳ ಮೇಲೆ ಹೀಬ್ರೂ ಅಕ್ಷರ. ಅದನ್ನು ನೋಡಲು ಹೋಗುವವರು ಕಡಿಮೆ. 2023ರ ಅಕ್ಟೋಬರಿನ ಭೂಕಂಪದಲ್ಲಿ ಹೆರಾತಿನ ಹಳೆಯ ಕಟ್ಟಡಗಳೂ ಬಿರುಕು ಬಿಟ್ಟವು.

ಶಾಂತಿಯ ಕಾಲದಲ್ಲಿ ಜೆಸಿಬಿಯೂ ಬರುತ್ತದೆ. ಶಿಕಾಗೋ ವಿಶ್ವವಿದ್ಯಾಲಯದವರು ಉಪಗ್ರಹ ಚಿತ್ರಗಳಲ್ಲಿ ದೇಶದ ಸಾವಿರಾರು ಹಳೆಯ ಜಾಗಗಳನ್ನು ಗುರುತಿಸಿದ್ದಾರೆ. ಉತ್ತರದ ಬಾಲ್ಖ್ ಸುತ್ತ 2018ರಿಂದೀಚೆಗೆ ದಿಬ್ಬಗಳನ್ನು ಬುಲ್ಡೋಜರಿನಿಂದ ನೆಲಸಮ ಮಾಡಿ ಲೂಟಿ ನಡೆದಿರುವುದು ಅದರಲ್ಲಿ ಕಂಡಿದೆ. ಹಿಂದಿನ ಸರ್ಕಾರದ ಕಾಲದಲ್ಲೇ ಶುರುವಾಗಿ, 2021ರ ನಂತರವೂ ಮುಂದುವರಿದಿದೆ. ಹಳೆಯ ವಸ್ತು ಕಾಪಾಡಬೇಕು, ಅಕ್ರಮವಾಗಿ ಅಗೆಯಬಾರದು ಎಂದು ತಾಲಿಬಾನ್ 2021ರ ಫೆಬ್ರವರಿಯಲ್ಲೇ ಹೇಳಿಕೆ ಕೊಟ್ಟಿತ್ತು. ಹೇಳಿಕೆ ನಾಯಕರದು, ದಿಬ್ಬ ಬಾಲ್ಖಿನದು.

ಆನ್‌ಲೈನ್‌ನಲ್ಲಿ ಕುಶಾನರ ನಾಣ್ಯ, ಗಾಂಧಾರ ಬುದ್ಧನ ತಲೆ ಮಾರ್ತಾರೆ. ಕೊಳ್ಳಬಹುದಾ?

ತಲೆಯ ವಿಷಯದಲ್ಲಿ ನನ್ನ ಉತ್ತರ ಬೇಡ ಅಂತಲೇ. ಅಗ್ಗಕ್ಕೆ ಸಿಕ್ಕರೆ ಬಹುತೇಕ ನಕಲಿ. ಗಾಂಧಾರ ಶೈಲಿಯ ನಕಲಿ ಮಾಡುವ ಕಸುಬು ಚೆನ್ನಾಗಿ ಬೆಳೆದಿದೆ, ಹಳತಿನ ಹಾಗೆ ಕಾಣಲು ಮಣ್ಣು ಮೆತ್ತಿಯೂ ಕೊಡುತ್ತಾರೆ. ಅಸಲಿ ಆಗಿದ್ದರೆ ಕದ್ದದ್ದಾಗಿರುವ ಸಾಧ್ಯತೆ ಜಾಸ್ತಿ. ನಮ್ಮ 1972ರ ಕಾನೂನಿನ ಪ್ರಕಾರ ಪರವಾನಗಿ ಇಲ್ಲದೆ ಪುರಾತನ ವಸ್ತುಗಳ ವ್ಯಾಪಾರ ಮಾಡುವಂತಿಲ್ಲ. ನಾಣ್ಯ ಕುಶಾನರದ್ದಾದರೆ ಭಾರತದ ನೆಲದಲ್ಲೇ ಸಿಕ್ಕಿದ್ದೂ ಇರಬಹುದು, ಆದರೂ ಎಲ್ಲಿಂದ ಬಂತು ಅಂತ ಕೇಳಿ. ಅಂತರರಾಷ್ಟ್ರೀಯ ಮ್ಯೂಸಿಯಂ ಮಂಡಳಿ 2006ರಲ್ಲಿ ಅಫ್ಘಾನಿಸ್ತಾನದ ಯಾವ ಬಗೆಯ ವಸ್ತುಗಳು ಕಳ್ಳಸಾಗಣೆ ಆಗುತ್ತವೆ ಎಂದು ಕೆಂಪು ಪಟ್ಟಿ ಹೊರಡಿಸಿದೆ, ಚಿತ್ರಗಳೂ ಇವೆ. ಒಮ್ಮೆ ತೆರೆದು ನೋಡಿ. ಒಳ್ಳೆಯ ಮ್ಯೂಸಿಯಂಗಳು ಕೇಳುವುದು ಒಂದೇ ಕಾಗದ: ಇದು 1970ಕ್ಕೂ ಮುಂಚೆ ಆ ದೇಶದಿಂದ ಹೊರಬಂದಿತ್ತು ಎಂಬುದಕ್ಕೆ ದಾಖಲೆ. ಮಾರುವವನ ಹತ್ತಿರ ಅದನ್ನೇ ಕೇಳಿ. ಅಜ್ಜನ ಸಂಗ್ರಹದ್ದು ಎಂದು ಬಾಯಿಮಾತಲ್ಲಿ ಹೇಳಿದರೆ ಅದು ದಾಖಲೆಯಲ್ಲ.